ರೋಟೊರುವಾ

ರೋಟೊರುವಾ ನ್ಯೂಜಿಲೆಂಡ್‌ನ ಉತ್ತರ ದ್ವೀಪದಲ್ಲಿ, ಬೇ ಆಫ್ ಪ್ಲೆಂಟಿ ಪ್ರದೇಶಕ್ಕೆ ಸೇರಿದ ಒಂದು ನಗರ. ಇದು ರೋಟೊರುವಾ ಸರೋವರದ ದಕ್ಷಿಣ ದಂಡೆಯ ಮೇಲಿದೆ. ಬಿಸಿನೀರಿನ ಬುಗ್ಗೆಗಳು, ಆಕಾಶಕ್ಕೆ ಚಿಮ್ಮುವ ಚಿಲುಮೆಗಳು, ಕುದಿಯುವ ಕೆಸರಿನ ಹೊಂಡಗಳು ಹಾಗೂ ಔಷಧೀಯ ಸ್ನಾನಗೃಹಗಳಿಂದ ಈ ನಗರವು ಹೆಸರಾಗಿದೆ. ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೋರಿ ಜನರ ಸಂಸ್ಕೃತಿಯ ಪ್ರಮುಖ ಕೇಂದ್ರಗಳಲ್ಲಿ ಇದೂ ಒಂದು. ನೆಲದೊಳಗಿನ ಶಾಖವು ಇಲ್ಲಿ ಕೇವಲ ನೋಟದ ವಸ್ತುವಲ್ಲ. ಅಡುಗೆ, ಸ್ನಾನ, ಮನೆ ಬೆಚ್ಚಗಿಡುವುದು ಹೀಗೆ ನಿತ್ಯಜೀವನದ ಹಲವು ಕೆಲಸಗಳಿಗೆ ಅದು ಬಳಕೆಯಾಗುತ್ತ ಬಂದಿದೆ. ಆ ಶಾಖ ಯಾರಿಗೆ ಸೇರಿದ್ದು, ಅದನ್ನು ಎಷ್ಟು ಬಳಸಬಹುದು ಎಂಬ ಪ್ರಶ್ನೆಗಳು ನಗರದ ಇತಿಹಾಸದುದ್ದಕ್ಕೂ ಎದುರಾಗಿವೆ.

ಹೆಸರು

ಮಾವೋರಿ ಭಾಷೆಯಲ್ಲಿ 'ರೋಟೊ' ಎಂದರೆ ಸರೋವರ, 'ರುವಾ' ಎಂದರೆ ಎರಡು. ಸರೋವರದ ಪೂರ್ಣ ಹೆಸರು 'ಟೆ ರೋಟೊರುವಾ-ನುಯಿ-ಆ-ಕಾಹುಮಾಟಮೊಮೊಯೆ'. 'ಕಾಹುಮಾಟಮೊಮೊಯೆಯ ಎರಡನೆಯ ಮಹಾ ಸರೋವರ' ಎಂಬುದು ಇದರ ಅರ್ಥ. ಸ್ಥಳೀಯ ಪರಂಪರೆಯ ಪ್ರಕಾರ ಇಹೆಂಗಾ ಎಂಬ ಅನ್ವೇಷಕನು ಈ ಸರೋವರವನ್ನು ಕಂಡು ಅದಕ್ಕೆ ತನ್ನ ಹಿರಿಯ ಬಂಧುವಾದ ಕಾಹುಮಾಟಮೊಮೊಯೆಯ ಹೆಸರಿಟ್ಟನು. ಗಂಧಕದ ವಾಸನೆಯು ಸದಾ ಗಾಳಿಯಲ್ಲಿರುವುದರಿಂದ ಈ ನಗರವನ್ನು 'ಗಂಧಕದ ನಗರ' ಎಂದೂ ಕರೆಯುತ್ತಾರೆ.

ಭೂವಿಜ್ಞಾನ

ಪೆಸಿಫಿಕ್ ಭೂಫಲಕವು ಆಸ್ಟ್ರೇಲಿಯನ್ ಭೂಫಲಕದ ಕೆಳಗೆ ಜಾರುತ್ತಿರುವುದರಿಂದ ಉತ್ತರ ದ್ವೀಪದ ನಡುಭಾಗದಲ್ಲಿ ಟೌಪೊ ಜ್ವಾಲಾಮುಖಿ ವಲಯ ರೂಪುಗೊಂಡಿದೆ. ರೋಟೊರುವಾ ಈ ವಲಯದೊಳಗೆ ಬರುತ್ತದೆ. ಸುಮಾರು 2,40,000 ವರ್ಷಗಳ ಹಿಂದೆ ಸಂಭವಿಸಿದ ಒಂದು ಭಾರೀ ಸ್ಫೋಟದಲ್ಲಿ ನೆಲದಡಿಯ ಶಿಲಾಪಾಕವು ಹೊರಚೆಲ್ಲಿತು. ಆಧಾರ ತಪ್ಪಿದ ಮೇಲಿನ ನೆಲವು ಕುಸಿದು ವಿಶಾಲವಾದ ಬೋಗುಣಿಯಂತಾಯಿತು. ಇಂತಹ ರಚನೆಗೆ ಕ್ಯಾಲ್ಡೆರಾ ಎಂದು ಹೆಸರು. ಈ ಬೋಗುಣಿಯಲ್ಲಿ ನೀರು ನಿಂತು ಉಂಟಾದುದೇ ರೋಟೊರುವಾ ಸರೋವರ. ಇದರ ವಿಸ್ತೀರ್ಣ ಸುಮಾರು 80 ಚದರ ಕಿಲೋಮೀಟರ್. ಸರಾಸರಿ ಆಳ ಸುಮಾರು 10 ಮೀಟರ್ ಮಾತ್ರ. ಸರೋವರದ ಮಧ್ಯದಲ್ಲಿರುವ ಮೊಕೊಯಾ ದ್ವೀಪವು ಲಾವಾರಸವು ಗುಮ್ಮಟದಂತೆ ಉಬ್ಬಿ ಗಟ್ಟಿಯಾದುದರಿಂದ ರೂಪುಗೊಂಡಿದೆ.

ಮಳೆಯ ನೀರು ಬಿರುಕುಗಳ ಮೂಲಕ ಆಳಕ್ಕಿಳಿದು, ಬಿಸಿಯಾದ ಶಿಲೆಗಳ ಸಂಪರ್ಕದಿಂದ ಕಾದು ಮತ್ತೆ ಮೇಲೇರುತ್ತದೆ. ಆಳದಲ್ಲಿ ಒತ್ತಡ ಹೆಚ್ಚಾಗಿರುವುದರಿಂದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಮೇಲೇರುವ ದಾರಿ ಕಿರಿದಾಗಿದ್ದರೆ, ಮೇಲಿನ ಸ್ವಲ್ಪ ನೀರು ಉಕ್ಕಿ ಹೊರಹೋದ ಕೂಡಲೇ ಒತ್ತಡ ಇಳಿಯುತ್ತದೆ. ಆಗ ಕೆಳಗಿನ ನೀರು ಒಮ್ಮೆಲೇ ಆವಿಯಾಗಿ, ತನ್ನ ಮೇಲಿರುವ ನೀರನ್ನು ರಭಸದಿಂದ ಹೊರಕ್ಕೆಸೆಯುತ್ತದೆ. ಇದೇ ಚಿಮ್ಮುವ ಚಿಲುಮೆ. ಭಾರತದಲ್ಲಿ ನೀರು ಕಾಯಿಸುವ ಯಂತ್ರಕ್ಕೆ ಬಳಸುವ 'ಗೀಸರ್' ಎಂಬ ಪದವು ಮೂಲತಃ ಇಂತಹ ಚಿಲುಮೆಗೆ ಸಂಬಂಧಿಸಿದುದು.

ಬಿಸಿನೀರು ತನ್ನೊಂದಿಗೆ ಕರಗಿದ ಸಿಲಿಕಾವನ್ನು ತರುತ್ತದೆ. ನೀರು ತಣಿದಾಗ ಅದು ಬುಗ್ಗೆಯ ಸುತ್ತ ಬಿಳಿಯ ಪದರವಾಗಿ ಗಟ್ಟಿಯಾಗುತ್ತದೆ. ಕೆಲವೆಡೆ ನೀರಿನ ಬದಲು ಆವಿ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲ ಮಾತ್ರ ಮೇಲೇರುತ್ತವೆ. ಅನಿಲವು ಮೇಲ್ಪದರದ ನೀರಿನಲ್ಲಿ ಗಂಧಕಾಮ್ಲವಾಗಿ ಮಾರ್ಪಟ್ಟು ಶಿಲೆಯನ್ನು ಜೇಡಿಯಾಗಿ ಕರಗಿಸುತ್ತದೆ. ಕುದಿಯುವ ಕೆಸರಿನ ಹೊಂಡಗಳು ಉಂಟಾಗುವುದು ಹೀಗೆ. ಕೊಳೆತ ಮೊಟ್ಟೆಯನ್ನು ಹೋಲುವ ವಾಸನೆಗೂ ಇದೇ ಅನಿಲ ಕಾರಣ.

ಮಾವೋರಿ ಪರಂಪರೆಯು ಈ ಶಾಖದ ಮೂಲವನ್ನು ಬೇರೊಂದು ರೀತಿಯಲ್ಲಿ ಹೇಳುತ್ತದೆ. ಟೆ ಅರಾವಾ ದೋಣಿಯಲ್ಲಿ ಬಂದ ನ್ಗಾಟೊರೊಇರಂಗಿ ಎಂಬ ಪುರೋಹಿತನು ಟೊಂಗರಿರೊ ಪರ್ವತವನ್ನೇರುವಾಗ ಚಳಿಯಿಂದ ಸಾಯುವ ಸ್ಥಿತಿಗೆ ಬಂದನು. ಅವನು ದೂರದ ಮೂಲನಾಡಾದ ಹವಾಯಿಕಿಯಲ್ಲಿದ್ದ ತನ್ನ ಸೋದರಿಯರನ್ನು ಕೂಗಿ ಕರೆದನು. ಅವರು ಕಳುಹಿಸಿದ ಬೆಂಕಿಯು ನೆಲದಡಿಯಲ್ಲಿ ಸಾಗುತ್ತ, ಎಲ್ಲೆಲ್ಲಿ ತಲೆಯೆತ್ತಿತೋ ಅಲ್ಲೆಲ್ಲ ಬಿಸಿನೀರಿನ ತಾಣಗಳು ಉಂಟಾದವು ಎಂಬುದು ಕಥೆ.

ಇತಿಹಾಸ

ಟೆ ಅರಾವಾ ಜನರು

ರೋಟೊರುವಾದ ಮಾವೋರಿಗಳು ಟೆ ಅರಾವಾ ಎಂಬ ಬುಡಕಟ್ಟುಗಳ ಒಕ್ಕೂಟಕ್ಕೆ ಸೇರಿದವರು. ಇವರ ಪೂರ್ವಜರು ಪಾಲಿನೇಷ್ಯಾದಿಂದ ಅರಾವಾ ಎಂಬ ದೋಣಿಯಲ್ಲಿ ಬಂದು ಬೇ ಆಫ್ ಪ್ಲೆಂಟಿಯ ಮಾಕೆಟು ಎಂಬಲ್ಲಿ ಇಳಿದು, ಅಲ್ಲಿಂದ ಒಳನಾಡಿನ ಸರೋವರಗಳತ್ತ ಹರಡಿದರು. ನಗರದ ಭೂಮಿಯು ಮುಖ್ಯವಾಗಿ ಟೆ ಅರಾವಾದ ಶಾಖೆಯಾದ ನ್ಗಾಟಿ ಫಕಾವೆ ಬುಡಕಟ್ಟಿಗೆ ಸೇರಿತ್ತು. 1823ರಲ್ಲಿ ಉತ್ತರದ ನ್ಗಾಪುಹಿ ಬುಡಕಟ್ಟಿನ ನಾಯಕ ಹೊಂಗಿ ಹಿಕಾ ತನ್ನ ಯುದ್ಧದೋಣಿಗಳನ್ನು ಕಾಡಿನ ಮೂಲಕ ಎಳೆಸಿ ತಂದು, ಬಂದೂಕುಗಳ ಬಲದಿಂದ ಮೊಕೊಯಾ ದ್ವೀಪದ ಮೇಲೆ ದಾಳಿ ನಡೆಸಿದನು. ಬಂದೂಕುಗಳು ಹೆಚ್ಚಾಗಿಲ್ಲದ ಟೆ ಅರಾವಾ ಜನರು ಅಪಾರ ಸಾವುನೋವು ಅನುಭವಿಸಿದರು.

ಮೊಕೊಯಾ ದ್ವೀಪವು ಹಿನೆಮೋವಾ ಮತ್ತು ಟೂಟಾನೆಕೈಯರ ಪ್ರೇಮಕಥೆಗೂ ಪ್ರಸಿದ್ಧವಾಗಿದೆ. ದ್ವೀಪದಲ್ಲಿದ್ದ ಟೂಟಾನೆಕೈಯನ್ನು ಸೇರದಂತೆ ಮನೆಯವರು ದೋಣಿಗಳನ್ನು ದೂರವಿರಿಸಿದಾಗ, ಹಿನೆಮೋವಾ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಅವನ ಕೊಳಲಿನ ದನಿಯ ಜಾಡು ಹಿಡಿದು ರಾತ್ರಿಯಲ್ಲಿ ಈಜಿ ದಡ ಸೇರಿದಳು. ಚಳಿಯಿಂದ ನಡುಗುತ್ತಿದ್ದ ಅವಳು ಮೈ ಬೆಚ್ಚಗೆ ಮಾಡಿಕೊಂಡ ಬಿಸಿನೀರಿನ ಕೊಳವನ್ನು ದ್ವೀಪದಲ್ಲಿ ಇಂದಿಗೂ ತೋರಿಸಲಾಗುತ್ತದೆ.

ಫೆಂಟನ್ ಒಪ್ಪಂದ

19ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿಯನ್ ಪ್ರವಾಸಿಗಳು ಬರತೊಡಗಿದರು. ಟರವೆರಾ ಪರ್ವತದ ಬಳಿಯ ರೋಟೊಮಹಾನಾ ಸರೋವರದ ದಂಡೆಯಲ್ಲಿ ಸಿಲಿಕಾದಿಂದ ರೂಪುಗೊಂಡಿದ್ದ ಗುಲಾಬಿ ಮತ್ತು ಬಿಳಿ ಮೆಟ್ಟಿಲುಗಳು ಅವರ ಮುಖ್ಯ ಆಕರ್ಷಣೆಯಾಗಿದ್ದವು. ಮಾವೋರಿಗಳು ಇವನ್ನು ಓಟೂಕಪುವಾರಂಗಿ ಮತ್ತು ಟೆ ಟರಾಟಾ ಎಂದು ಕರೆಯುತ್ತಿದ್ದರು. ಟೂಹೌರಂಗಿ ಬುಡಕಟ್ಟಿನವರು ಮಾರ್ಗದರ್ಶನ, ದೋಣಿ ಹಾಗೂ ವಸತಿಯ ವ್ಯವಸ್ಥೆಯನ್ನು ತಾವೇ ನಡೆಸುತ್ತಿದ್ದರು.

1880ರಲ್ಲಿ ನ್ಯಾಯಾಧೀಶ ಫ್ರಾನ್ಸಿಸ್ ಫೆಂಟನ್ ಮತ್ತು ನ್ಗಾಟಿ ಫಕಾವೆ ಮುಖಂಡರ ನಡುವೆ ಒಂದು ಒಪ್ಪಂದವಾಯಿತು. ಇದರಂತೆ ಭೂಮಿಯು ಮಾವೋರಿಗಳ ಒಡೆತನದಲ್ಲೇ ಉಳಿದು, ಪಟ್ಟಣದ ನಿವೇಶನಗಳನ್ನು 99 ವರ್ಷಗಳ ಗೇಣಿಗೆ ಕೊಡಬೇಕಿತ್ತು. ಕೆಲವು ಜಾಗಗಳನ್ನು ಬುಡಕಟ್ಟು ಸಾರ್ವಜನಿಕ ಉಪಯೋಗಕ್ಕಾಗಿ ದಾನವಾಗಿ ಬಿಟ್ಟುಕೊಟ್ಟಿತು. 1881ರ ಬಿಸಿನೀರಿನ ಬುಗ್ಗೆಗಳ ಜಿಲ್ಲಾ ಕಾಯಿದೆಯು ಈ ವ್ಯವಸ್ಥೆಗೆ ಕಾನೂನಿನ ರೂಪ ನೀಡಿತು. ಆದರೆ ಆರ್ಥಿಕ ಹಿಂಜರಿತದಿಂದಾಗಿ ಗೇಣಿದಾರರು ಬಾಡಿಗೆ ಸಲ್ಲಿಸಲಿಲ್ಲ. ಒಂದು ದಶಕದೊಳಗೆ ಪಟ್ಟಣದ ಭೂಮಿಯನ್ನು ಸರ್ಕಾರವೇ ಖರೀದಿಸಿತು. ಗೇಣಿಯಿಂದ ಶಾಶ್ವತ ಆದಾಯ ಬರಬಹುದೆಂಬ ನ್ಗಾಟಿ ಫಕಾವೆಯವರ ನಿರೀಕ್ಷೆ ಹೀಗೆ ಕೊನೆಗೊಂಡಿತು.

ಟರವೆರಾ ಸ್ಫೋಟ

1886ರ ಜೂನ್ 10ರ ಮುಂಜಾನೆ ಟರವೆರಾ ಪರ್ವತವು ಸ್ಫೋಟಿಸಿತು. ಸುಮಾರು 17 ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿಯಿತು. ಸುತ್ತಲಿನ ಹಳ್ಳಿಗಳು ಬೂದಿ ಮತ್ತು ಕೆಸರಿನಲ್ಲಿ ಹೂತುಹೋದವು. ಸುಮಾರು 120 ಜನರು ಮೃತಪಟ್ಟರು. ಇವರಲ್ಲಿ ಬಹುಪಾಲು ಮಾವೋರಿಗಳಾಗಿದ್ದರು. ಪ್ರವಾಸಿಗಳ ತಂಗುದಾಣವಾಗಿದ್ದ ಟೆ ವೈರೋವಾ ಹಳ್ಳಿಯಲ್ಲಿ ಮಾರ್ಗದರ್ಶಕಿ ಸೋಫಿಯಾ ಹಿನೆರಂಗಿಯವರ ಮನೆಯು ಕುಸಿಯದೆ ನಿಂತು, ಅದರೊಳಗೆ ಆಶ್ರಯ ಪಡೆದ ಅರವತ್ತಕ್ಕೂ ಹೆಚ್ಚು ಜನರು ಬದುಕುಳಿದರು. ಸ್ಫೋಟಕ್ಕೆ 11 ದಿನಗಳ ಮೊದಲು ಟರವೆರಾ ಸರೋವರದಲ್ಲಿ ಅಪರಿಚಿತ ಯುದ್ಧದೋಣಿಯೊಂದು ಕಂಡಿತೆಂದು ಸೋಫಿಯಾ ಮತ್ತು ಅವರೊಂದಿಗಿದ್ದ ಪ್ರವಾಸಿಗಳು ಹೇಳಿದ್ದರು. ಇದನ್ನು ದುರಂತದ ಮುನ್ಸೂಚನೆಯೆಂದು ಅನಂತರ ಭಾವಿಸಲಾಯಿತು.

ಗುಲಾಬಿ ಮತ್ತು ಬಿಳಿ ಮೆಟ್ಟಿಲುಗಳು ಕಣ್ಮರೆಯಾದವು. ನೆಲೆ ಕಳೆದುಕೊಂಡ ಟೂಹೌರಂಗಿ ಜನರಲ್ಲಿ ಅನೇಕರಿಗೆ ಫಕರೆವರೆವಾದ ನ್ಗಾಟಿ ವಾಹಿಯಾವೊ ಬಂಧುಗಳು ಆಶ್ರಯ ನೀಡಿದರು. ಅವರು ಅಲ್ಲಿಯೂ ಮಾರ್ಗದರ್ಶಕರಾಗಿ ತಮ್ಮ ವೃತ್ತಿಯನ್ನು ಮುಂದುವರಿಸಿದರು. ಟೆ ವೈರೋವಾದ ಅವಶೇಷಗಳನ್ನು ಈಗ 'ಹೂತುಹೋದ ಹಳ್ಳಿ' ಎಂಬ ಹೆಸರಿನಲ್ಲಿ ಸಂದರ್ಶಕರಿಗೆ ತೋರಿಸಲಾಗುತ್ತದೆ.

ಸ್ನಾನಪಟ್ಟಣದ ಬೆಳವಣಿಗೆ

1894ರಲ್ಲಿ ಆಕ್ಲೆಂಡ್‌ನಿಂದ ರೈಲುಮಾರ್ಗವು ರೋಟೊರುವಾವನ್ನು ತಲುಪಿತು. 1901ರಲ್ಲಿ ನ್ಯೂಜಿಲೆಂಡ್ ಸರ್ಕಾರವು ಪ್ರವಾಸ ಮತ್ತು ಆರೋಗ್ಯಧಾಮಗಳ ಇಲಾಖೆಯನ್ನು ಸ್ಥಾಪಿಸಿತು. ಇದನ್ನು ಜಗತ್ತಿನ ಮೊದಲ ಸರ್ಕಾರಿ ಪ್ರವಾಸೋದ್ಯಮ ಇಲಾಖೆಯೆಂದು ಪರಿಗಣಿಸಲಾಗಿದೆ. ಯುರೋಪಿನ ಸ್ನಾನಪಟ್ಟಣಗಳಿಗೆ ಸರಿಸಾಟಿಯಾಗಿ ಇದನ್ನು ಬೆಳೆಸುವ ಉದ್ದೇಶದಿಂದ ಸರೋವರದ ದಂಡೆಯ ಸರ್ಕಾರಿ ಉದ್ಯಾನದಲ್ಲಿ ಭವ್ಯವಾದ ಸ್ನಾನಗೃಹವನ್ನು ಕಟ್ಟಲಾಯಿತು. 1908ರಲ್ಲಿ ಆರಂಭವಾದ ಈ ಕಟ್ಟಡದಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ಸಂಧಿವಾತ ಮೊದಲಾದ ಕಾಯಿಲೆಗಳಿಗೆ ಚಿಕಿತ್ಸೆ ನೀಡಲಾಗುತ್ತಿತ್ತು. ಗಂಧಕದ ಆವಿಯಿಂದ ಕೊಳವೆಗಳು ಬೇಗನೆ ಸವೆಯುತ್ತಿದ್ದುದರಿಂದ ನಿರ್ವಹಣೆ ದುಬಾರಿಯಾಗಿತ್ತು. 1969ರಲ್ಲಿ ಈ ಕಟ್ಟಡದಲ್ಲಿ ರೋಟೊರುವಾ ವಸ್ತುಸಂಗ್ರಹಾಲಯ ಆರಂಭವಾಯಿತು. ಭೂಕಂಪವನ್ನು ತಾಳಿಕೊಳ್ಳುವ ಬಲ ಸಾಲದೆಂಬ ಕಾರಣದಿಂದ 2016ರ ನವೆಂಬರ್‌ನಲ್ಲಿ ಅದನ್ನು ಮುಚ್ಚಲಾಯಿತು. ರೋಟೊರುವಾ 1962ರಲ್ಲಿ ನಗರದ ಸ್ಥಾನ ಪಡೆಯಿತು.

ಚಿಲುಮೆಗಳ ಸಂರಕ್ಷಣೆ

20ನೇ ಶತಮಾನದಲ್ಲಿ ನಗರದ ಮನೆಗಳು, ಹೋಟೆಲುಗಳು ಹಾಗೂ ಕಚೇರಿಗಳು ಬಿಸಿನೀರಿಗಾಗಿ ತಮ್ಮದೇ ಕೊಳವೆಬಾವಿಗಳನ್ನು ಕೊರೆಸಿಕೊಂಡವು. 1970ರ ದಶಕದ ತೈಲ ಬಿಕ್ಕಟ್ಟಿನ ಸಮಯದಲ್ಲಿ ಈ ಅಗ್ಗದ ಇಂಧನದ ಬಳಕೆ ಮತ್ತಷ್ಟು ಹೆಚ್ಚಿತು. ನೆಲದಡಿಯ ನೀರಿನ ಒತ್ತಡ ಕುಸಿಯತೊಡಗಿ, ಫಕರೆವರೆವಾದ ಬುಗ್ಗೆಗಳು ಬತ್ತಲಾರಂಭಿಸಿದವು. 1979ರಲ್ಲಿ ಪಾಪಕುರಾ ಎಂಬ ಚಿಲುಮೆಯು ಸಂಪೂರ್ಣ ಸ್ತಬ್ಧವಾಯಿತು.

ನ್ಯೂಜಿಲೆಂಡ್‌ನ ಇತರೆಡೆಗಳ ಅನುಭವ ಆಗಲೇ ಎಚ್ಚರಿಕೆ ನೀಡಿತ್ತು. 1958ರಲ್ಲಿ ಆರಂಭವಾದ ವೈರಾಕೆಯಿ ಭೂಶಾಖ ವಿದ್ಯುತ್ ಸ್ಥಾವರದಿಂದಾಗಿ ಅಲ್ಲಿನ ಕಣಿವೆಯ ಚಿಲುಮೆಗಳು ನಿಂತುಹೋಗಿದ್ದವು. 1961ರಲ್ಲಿ ಓಹಾಕುರಿ ಅಣೆಕಟ್ಟಿನ ಹಿನ್ನೀರಿನಲ್ಲಿ ಒರಾಕೆಯಿ ಕೊರಾಕೊ ಕ್ಷೇತ್ರದ ಬಹುಪಾಲು ಬುಗ್ಗೆಗಳು ಮುಳುಗಿದ್ದವು. ಹೀಗಾಗಿ ದೇಶದಲ್ಲಿ ಉಳಿದ ಪ್ರಮುಖ ಚಿಲುಮೆ ಕ್ಷೇತ್ರವೆಂದರೆ ಫಕರೆವರೆವಾ ಆಗಿತ್ತು.

1986ರಲ್ಲಿ ಸರ್ಕಾರವು ಪೊಹುಟು ಚಿಲುಮೆಯಿಂದ 1.5 ಕಿಲೋಮೀಟರ್ ತ್ರಿಜ್ಯದೊಳಗಿನ ಕೊಳವೆಬಾವಿಗಳನ್ನು ಮುಚ್ಚಲು ಆದೇಶಿಸಿತು. ಉಳಿದ ಬಾವಿಗಳ ಬಳಕೆಗೆ ಶುಲ್ಕ ವಿಧಿಸಿತು. ಬಿಸಿನೀರನ್ನು ತಮ್ಮ ಹಕ್ಕೆಂದು ಭಾವಿಸಿದ್ದ ಅನೇಕ ನಿವಾಸಿಗಳು ಇದನ್ನು ತೀವ್ರವಾಗಿ ವಿರೋಧಿಸಿದರು. ಆದರೆ ಬಾವಿಗಳು ಮುಚ್ಚಿದ ಬಳಿಕ ನೆಲದಡಿಯ ನೀರಿನ ಮಟ್ಟ ಏರಿತು. ಬತ್ತಿದ್ದ ಹಲವು ಬುಗ್ಗೆಗಳು ಮರಳಿ ಹರಿದವು. ಮೂರು ದಶಕಗಳಿಗೂ ಹೆಚ್ಚು ಕಾಲ ನಿಶ್ಚಲವಾಗಿದ್ದ ಪಾಪಕುರಾ ಕೂಡ ಮತ್ತೆ ಚಿಮ್ಮಿತು. ನಿರ್ಬಂಧಿತ ವಲಯದ ನಿಯಮ ಇಂದಿಗೂ ಜಾರಿಯಲ್ಲಿದೆ. ನೀರನ್ನು ಹೊರತೆಗೆಯದೆ ಬಾವಿಯೊಳಗಿನ ಕೊಳವೆಯ ಮೂಲಕ ಶಾಖವನ್ನಷ್ಟೇ ಪಡೆಯುವ ವಿಧಾನ ಹಾಗೂ ಬಳಸಿದ ನೀರನ್ನು ಮರಳಿ ನೆಲದೊಳಕ್ಕೆ ಹರಿಸುವ ಕ್ರಮ ಬಳಕೆಗೆ ಬಂದಿವೆ.

ಪ್ರಮುಖ ಭೂಶಾಖ ತಾಣಗಳು

ಫಕರೆವರೆವಾ: ನಗರದ ದಕ್ಷಿಣ ಅಂಚಿನಲ್ಲಿರುವ ಈ ಕಣಿವೆಯಲ್ಲಿ ಎರಡು ಪ್ರತ್ಯೇಕ ಸಂದರ್ಶನ ತಾಣಗಳಿವೆ. ಟೆ ಪುಯಿಯಾದಲ್ಲಿರುವ ಪೊಹುಟು ಚಿಲುಮೆಯು ಸುಮಾರು 30 ಮೀಟರ್ ಎತ್ತರದವರೆಗೆ, ದಿನಕ್ಕೆ ಹಲವು ಬಾರಿ ಚಿಮ್ಮುತ್ತದೆ. ಪಕ್ಕದಲ್ಲೇ ಇರುವ ಫಕರೆವರೆವಾ ಗ್ರಾಮದಲ್ಲಿ ಮಾವೋರಿ ಕುಟುಂಬಗಳು ಇಂದಿಗೂ ವಾಸಿಸುತ್ತವೆ. ಅವರು ನೆಲದಿಂದ ಹೊಮ್ಮುವ ಹಬೆಯ ಮೇಲಿಟ್ಟ ಪೆಟ್ಟಿಗೆಗಳಲ್ಲಿ ಅಡುಗೆ ಮಾಡುತ್ತಾರೆ, ಕುದಿಯುವ ಕೊಳದಲ್ಲಿ ಮೆಕ್ಕೆಜೋಳ ಬೇಯಿಸುತ್ತಾರೆ, ಬುಗ್ಗೆಯಿಂದ ಕಾಲುವೆಯಲ್ಲಿ ಹರಿದುಬಂದು ತಣಿದ ನೀರಿನಲ್ಲಿ ಸ್ನಾನ ಮಾಡುತ್ತಾರೆ.

ವೈ-ಒ-ಟಾಪು: ನಗರದ ದಕ್ಷಿಣಕ್ಕೆ ಸುಮಾರು 27 ಕಿಲೋಮೀಟರ್ ದೂರದಲ್ಲಿದೆ. ಹೆಸರಿನ ಅರ್ಥ 'ಪವಿತ್ರ ಜಲ'. ಇಲ್ಲಿನ ಷಾಂಪೇನ್ ಕೊಳವು ಸುಮಾರು 65 ಮೀಟರ್ ಅಗಲವಾಗಿದ್ದು, ನೀರಿನ ಉಷ್ಣಾಂಶ ಸುಮಾರು 74 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆರ್ಸೆನಿಕ್ ಮತ್ತು ಆಂಟಿಮನಿಯ ಸಂಯುಕ್ತಗಳಿಂದ ಅದರ ಅಂಚು ಕಿತ್ತಳೆ ಬಣ್ಣ ತಾಳಿದೆ. ಲೇಡಿ ನಾಕ್ಸ್ ಚಿಲುಮೆಯನ್ನು ಪ್ರತಿದಿನ ಬೆಳಿಗ್ಗೆ 10:15ಕ್ಕೆ ಸಾಬೂನಿನಂತಹ ವಸ್ತುವನ್ನು ಹಾಕಿ ಚಿಮ್ಮಿಸಲಾಗುತ್ತದೆ. 1901ರ ಸುಮಾರಿಗೆ ಇಲ್ಲಿ ಬಟ್ಟೆ ಒಗೆಯುತ್ತಿದ್ದ ಕೈದಿಗಳಿಂದ ಸಾಬೂನಿನ ಈ ಪರಿಣಾಮವು ಆಕಸ್ಮಿಕವಾಗಿ ತಿಳಿದುಬಂದಿತು.

ವೈಮಾಂಗು: ಈ ಕಣಿವೆಯು 1886ರ ಸ್ಫೋಟದಲ್ಲೇ ರೂಪುಗೊಂಡಿತು. 1900ರಿಂದ 1904ರವರೆಗೆ ಇಲ್ಲಿ ಸಕ್ರಿಯವಾಗಿದ್ದ ಚಿಲುಮೆಯು 400 ಮೀಟರಿಗೂ ಹೆಚ್ಚು ಎತ್ತರಕ್ಕೆ ಚಿಮ್ಮಿದ್ದುಂಟು. 1903ರಲ್ಲಿ ಅದರ ಸಮೀಪಕ್ಕೆ ಹೋಗಿದ್ದ ನಾಲ್ವರು ಸಾವನ್ನಪ್ಪಿದರು.

ಟಿಕಿಟೆರೆ: 'ಹೆಲ್ಸ್ ಗೇಟ್' ಎಂಬ ಹೆಸರಿನಿಂದಲೂ ಪರಿಚಿತವಾದ ಈ ತಾಣವು ಕೆಸರಿನ ಸ್ನಾನಕ್ಕೆ ಹೆಸರಾಗಿದೆ.

ಕುಯಿರಾವು ಉದ್ಯಾನ: ನಗರದ ಮಧ್ಯದಲ್ಲಿರುವ ಸಾರ್ವಜನಿಕ ಉದ್ಯಾನ. ಪ್ರವೇಶ ಉಚಿತ. ಇಲ್ಲಿ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತುಕೊಳ್ಳಲು ತೊಟ್ಟಿಗಳಿವೆ.

ಬಿಸಿನೀರಿನ ಸ್ನಾನ

ಸರೋವರದ ದಂಡೆಯಲ್ಲಿರುವ ಪಾಲಿನೇಷಿಯನ್ ಸ್ಪಾ ಎರಡು ಬುಗ್ಗೆಗಳ ನೀರನ್ನು ಬಳಸುತ್ತದೆ. 'ಪ್ರೀಸ್ಟ್' ಬುಗ್ಗೆಯ ನೀರು ಆಮ್ಲೀಯವಾದುದು. 1878ರಲ್ಲಿ ಕ್ಯಾಥೊಲಿಕ್ ಪಾದ್ರಿಯೊಬ್ಬರು ಇದರಲ್ಲಿ ಮಿಂದು ಸಂಧಿವಾತದಿಂದ ಗುಣಹೊಂದಿದರೆಂಬ ಕಥೆಯಿಂದ ಈ ಹೆಸರು ಬಂದಿದೆ. 'ರೇಚಲ್' ಬುಗ್ಗೆಯ ನೀರು ಕ್ಷಾರೀಯವಾಗಿದ್ದು, ಚರ್ಮವನ್ನು ನುಣುಪಾಗಿಸುತ್ತದೆಂಬ ಖ್ಯಾತಿ ಹೊಂದಿದೆ.

ಮಾವೋರಿ ಸಂಸ್ಕೃತಿ

ನಗರದ ಜನಸಂಖ್ಯೆಯಲ್ಲಿ ಮಾವೋರಿಗಳ ಪ್ರಮಾಣವು ರಾಷ್ಟ್ರೀಯ ಸರಾಸರಿಗಿಂತ ಬಹಳ ಹೆಚ್ಚು. 2017ರಲ್ಲಿ ರೋಟೊರುವಾ ತನ್ನನ್ನು ಮಾವೋರಿ ಮತ್ತು ಇಂಗ್ಲಿಷ್ ದ್ವಿಭಾಷಾ ನಗರವೆಂದು ಘೋಷಿಸಿಕೊಂಡಿತು. 2006ರ ಕಾಯಿದೆಯ ಮೂಲಕ ಈ ಭಾಗದ ಹಲವು ಸರೋವರಗಳ ತಳದ ಒಡೆತನವು ಟೆ ಅರಾವಾ ಜನರಿಗೆ ಮರಳಿತು.

ಬುಡಕಟ್ಟಿನ ಸಾಮುದಾಯಿಕ ಬದುಕಿನ ಕೇಂದ್ರವು 'ಮರಾಯೆ'. ಅತಿಥಿಗಳನ್ನು ಇಲ್ಲಿ 'ಪೊವ್ಹಿರಿ' ಎಂಬ ವಿಧಿಯಿಂದ ಬರಮಾಡಿಕೊಳ್ಳಲಾಗುತ್ತದೆ. ಮಹಿಳೆಯರ ಸ್ವಾಗತದ ಕರೆ, ಭಾಷಣ, ಹಾಡು ಹಾಗೂ ಮೂಗಿಗೆ ಮೂಗು ತಾಗಿಸುವ 'ಹೊಂಗಿ' ಇದರ ಭಾಗಗಳು. ಅತಿಥಿಯನ್ನು ಆದರಿಸುವ ಕರ್ತವ್ಯಕ್ಕೆ 'ಮನಾಕಿಟಂಗಾ' ಎಂಬ ಹೆಸರಿದೆ. ಸಭಾಗೃಹವನ್ನು ಪ್ರವೇಶಿಸುವಾಗ ಪಾದರಕ್ಷೆ ಕಳಚುವುದು, ಊಟದ ಮೇಜಿನ ಮೇಲೆ ಕುಳಿತುಕೊಳ್ಳದಿರುವುದು, ಛಾಯಾಚಿತ್ರ ತೆಗೆಯುವ ಮೊದಲು ಅನುಮತಿ ಕೇಳುವುದು ಇಲ್ಲಿ ಪಾಲಿಸಬೇಕಾದ ಮರ್ಯಾದೆಗಳು. ಪ್ರವಾಸಿಗಳಿಗಾಗಿ ನಡೆಯುವ ಸಂಜೆಯ ಕಾರ್ಯಕ್ರಮಗಳಲ್ಲಿ ಹಾಕಾ ಮತ್ತು ಪೊಯ್ ನೃತ್ಯಗಳ ಬಳಿಕ, ನೆಲದ ಗುಂಡಿಯಲ್ಲಿ ಬಿಸಿಕಲ್ಲುಗಳ ಮೇಲೆ ಬೇಯಿಸಿದ 'ಹಾಂಗಿ' ಭೋಜನ ಬಡಿಸಲಾಗುತ್ತದೆ. ಹಾಂಗಿಯಲ್ಲಿ ಮಾಂಸವೂ ಗೆಡ್ಡೆಗೆಣಸುಗಳೂ ಸಾಮಾನ್ಯವಾಗಿ ಇರುತ್ತವೆ. ಸಸ್ಯಾಹಾರಿಗಳು ಮೊದಲೇ ತಿಳಿಸುವುದು ಒಳ್ಳೆಯದು.

ಮರಗೆತ್ತನೆಯ ಕಲೆ ಅಳಿಯುವ ಭೀತಿಯಲ್ಲಿದ್ದಾಗ ರಾಜಕಾರಣಿ ಆಪಿರಾನಾ ನ್ಗಾಟಾರ ಪ್ರಯತ್ನದಿಂದ 1920ರ ದಶಕದಲ್ಲಿ ರೋಟೊರುವಾದಲ್ಲಿ ಮಾವೋರಿ ಕಲಾಶಾಲೆ ಸ್ಥಾಪನೆಯಾಯಿತು. ಅದರ ಪರಂಪರೆಯನ್ನು 1963ರ ಕಾಯಿದೆಯಡಿ ರಚಿತವಾದ ನ್ಯೂಜಿಲೆಂಡ್ ಮಾವೋರಿ ಕಲೆ ಮತ್ತು ಕುಶಲಕಲೆ ಸಂಸ್ಥೆಯು ಟೆ ಪುಯಿಯಾದಲ್ಲಿ ಮುಂದುವರಿಸಿದೆ. ಮರಗೆತ್ತನೆ ಮತ್ತು ನೇಯ್ಗೆಯ ಶಿಕ್ಷಣವನ್ನು ಸಂದರ್ಶಕರು ಅಲ್ಲಿ ಕಣ್ಣಾರೆ ಕಾಣಬಹುದು.

ಫಕರೆವರೆವಾದ ಮಾರ್ಗದರ್ಶಕಿಯರಲ್ಲಿ ಮಾಕೆರೆಟಿ ಪಾಪಕುರಾ (1873–1930) ಪ್ರಸಿದ್ಧರು. 1901ರಲ್ಲಿ ಬ್ರಿಟಿಷ್ ರಾಜಮನೆತನದವರು ಬಂದಾಗ ಇವರು ಅವರಿಗೆ ಮಾರ್ಗದರ್ಶನ ಮಾಡಿದ್ದರು. ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಅಧ್ಯಯನ ಮಾಡಿದರು. ಪ್ರಬಂಧವನ್ನು ಒಪ್ಪಿಸುವ ಮುನ್ನವೇ ನಿಧನರಾದರು. ತಮ್ಮ ಜನರ ಬದುಕಿನ ಕುರಿತ ಅವರ ಗ್ರಂಥವು 1938ರಲ್ಲಿ ಮರಣೋತ್ತರವಾಗಿ ಪ್ರಕಟವಾಯಿತು.

ಸರೋವರದ ದಂಡೆಯ ಓಹಿನೆಮುಟು ಗ್ರಾಮದಲ್ಲಿ ಟಾಮಾ-ಟೆ-ಕಪುವಾ ಸಭಾಗೃಹ ಮತ್ತು ಸಂತ ಫೇತ್ ಚರ್ಚ್ ಇವೆ. ಚರ್ಚಿನ ಗಾಜಿನ ಕಿಟಕಿಯೊಂದರಲ್ಲಿ ಮಾವೋರಿ ಮೇಲುಹೊದಿಕೆ ಧರಿಸಿದ ಕ್ರಿಸ್ತನ ಚಿತ್ರವಿದೆ. ಹಿಂದಿನ ನೀರಿನಿಂದಾಗಿ ಅವನು ರೋಟೊರುವಾ ಸರೋವರದ ಮೇಲೆ ನಡೆಯುತ್ತಿರುವಂತೆ ಕಾಣುತ್ತದೆ. ನೆಲ ಬಿಸಿಯಾಗಿರುವುದರಿಂದ ಇಲ್ಲಿನ ಸಮಾಧಿಗಳನ್ನು ಭೂಮಿಯ ಮೇಲ್ಭಾಗದಲ್ಲೇ ಕಟ್ಟಲಾಗಿದೆ.

ಹೊರಾಂಗಣ ಚಟುವಟಿಕೆಗಳು

ನಗರಕ್ಕೆ ತಾಗಿರುವ ಫಕರೆವರೆವಾ ಅರಣ್ಯದಲ್ಲಿ 1901ರಲ್ಲಿ ನೆಟ್ಟ ಕ್ಯಾಲಿಫೋರ್ನಿಯಾ ರೆಡ್‌ವುಡ್ ಮರಗಳ ತೋಪು ಇದೆ. ಮರಗಳ ನಡುವೆ ಕಟ್ಟಿದ ತೂಗುಸೇತುವೆಗಳ ಮೇಲೆ ನಡೆಯಬಹುದು. ಇಲ್ಲಿನ ಸೈಕಲ್ ಹಾದಿಗಳು ಜಗತ್ತಿನಾದ್ಯಂತ ಹೆಸರಾಗಿದ್ದು, 2006ರಲ್ಲಿ ಪರ್ವತ ಸೈಕಲ್ ವಿಶ್ವ ಚಾಂಪಿಯನ್‌ಶಿಪ್ ಇಲ್ಲಿ ನಡೆಯಿತು. ಕೈಟುನಾ ನದಿಯಲ್ಲಿ ರಬ್ಬರ್ ತೆಪ್ಪದಲ್ಲಿ ಸಾಗುವವರು ಸುಮಾರು 7 ಮೀಟರ್ ಎತ್ತರದ ಟುಟೆಯಾ ಜಲಪಾತದಿಂದ ಕೆಳಗಿಳಿಯುತ್ತಾರೆ. ನ್ಗೊಂಗೊಟಾಹಾ ಬೆಟ್ಟಕ್ಕೆ ತಂತಿಮಾರ್ಗದ ತೊಟ್ಟಿಲುಗಳಲ್ಲಿ ಏರಿ, ಗಾಲಿಬಂಡಿಗಳಲ್ಲಿ ಜಾರಿ ಇಳಿಯುವ 'ಲೂಜ್' ಆಟವೂ ಜನಪ್ರಿಯ.

ಸರೋವರಗಳಲ್ಲಿ ಟ್ರೌಟ್ ಮೀನು ಹಿಡಿಯಲು ಪರವಾನಗಿ ಅಗತ್ಯ. ನ್ಯೂಜಿಲೆಂಡ್‌ನಲ್ಲಿ ಟ್ರೌಟ್ ಮಾರಾಟವನ್ನು ನಿಷೇಧಿಸಲಾಗಿದೆ. ಟಿಕಿಟಾಪು ಎಂಬ ನೀಲಿ ಸರೋವರದಲ್ಲಿ ಈಜಬಹುದು. ಅದರ ಪಕ್ಕದ ರೋಟೊಕಾಕಾಹಿ ಎಂಬ ಹಸಿರು ಸರೋವರವು ಪವಿತ್ರವಾದುದರಿಂದ ಅದರ ನೀರಿಗಿಳಿಯಲು ಸಾರ್ವಜನಿಕರಿಗೆ ಅವಕಾಶವಿಲ್ಲ. ಟರವೆರಾ ಪರ್ವತವು ಮಾವೋರಿಗಳ ಒಡೆತನದಲ್ಲಿದ್ದು, ಮಾರ್ಗದರ್ಶಕರೊಂದಿಗೆ ಮಾತ್ರ ಏರಬಹುದು.

ಸುರಕ್ಷತೆ

ಬುಗ್ಗೆಗಳ ಸುತ್ತಲಿನ ಸಿಲಿಕಾ ಪದರವು ತೆಳುವಾಗಿದ್ದು, ಅದರ ಕೆಳಗೆ ಕುದಿಯುವ ನೀರಿರಬಹುದು. ಆದುದರಿಂದ ಗುರುತಿಸಿದ ಹಾದಿಯನ್ನು ಬಿಟ್ಟು ನಡೆಯಬಾರದು. ನೈಸರ್ಗಿಕ ಬಿಸಿನೀರಿನ ಕೊಳಗಳಲ್ಲಿ ಮೆದುಳಿಗೆ ಮಾರಕವಾದ ಸೋಂಕನ್ನುಂಟುಮಾಡುವ ಅಮೀಬಾ ಇರುವ ಸಂಭವವಿದೆ. ಅದು ಮೂಗಿನ ಮೂಲಕ ದೇಹವನ್ನು ಸೇರುವುದರಿಂದ ತಲೆಯನ್ನು ನೀರಿನಲ್ಲಿ ಮುಳುಗಿಸಬಾರದು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ ವಿಷಾನಿಲ. ಗಾಳಿಯಾಡದ ಸ್ನಾನದ ಕೋಣೆಗಳಲ್ಲಿ ಅದು ಪ್ರಾಣಾಪಾಯ ಉಂಟುಮಾಡಬಲ್ಲದು. ಬೆಳ್ಳಿಯ ಆಭರಣಗಳು ಈ ನೀರಿನಲ್ಲಿ ಕಪ್ಪಾಗುತ್ತವೆ.

ಹವಾಮಾನ ಮತ್ತು ಸಾರಿಗೆ

ದಕ್ಷಿಣ ಗೋಳಾರ್ಧದಲ್ಲಿರುವುದರಿಂದ ಇಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೇಸಿಗೆ, ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ನಗರವು ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿದ್ದು, ಚಳಿಗಾಲದ ಬೆಳಗುಗಳಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಆಕ್ಲೆಂಡ್‌ನಿಂದ ರಸ್ತೆಯ ಮೂಲಕ ಸುಮಾರು ಮೂರು ಗಂಟೆಗಳ ಪ್ರಯಾಣ. ಪ್ರಯಾಣಿಕ ರೈಲು ಸೇವೆಯು 2001ರಲ್ಲಿ ನಿಂತಿದೆ. ಸರೋವರದ ಪೂರ್ವ ದಂಡೆಯಲ್ಲಿರುವ ವಿಮಾನ ನಿಲ್ದಾಣದಿಂದ ದೇಶದ ಪ್ರಮುಖ ನಗರಗಳಿಗೆ ವಿಮಾನ ಸಂಪರ್ಕವಿದೆ.